ಫೈರ್‌ವಾಲ್‌ನಲ್ಲಿ ಐಸಿಎಂಪಿಗೆ ಸೇವೆ ರಚಿಸುವುದು ಹೇಗೆ? ದೊಡ್ಡ ಕಡತಗಳು ಅರ್ಧಕ್ಕೇ ನಿಲ್ಲುತ್ತಿವೆ

ಗೋಣಿಕೊಪ್ಪದ ಲೆಕ್ಕಿಗ:
ಎಲ್ಲರಿಗೂ ನಮಸ್ಕಾರ. ಗೋಣಿಕೊಪ್ಪದ ಕಾಫಿ ವ್ಯಾಪಾರದ ಕಚೇರಿಯೊಂದರಲ್ಲಿ ಲೆಕ್ಕಪತ್ರದ ಜೊತೆಗೆ ನೆಟ್‌ವರ್ಕ್ ಕೂಡ ನನ್ನ ಪಾಲಿಗೇ ಬಂದಿದೆ. ಹೊಸ ಫೈರ್‌ವಾಲ್‌ನಲ್ಲಿ ಬೇಕಾದ ಸೇವೆಗಳನ್ನು (ಯಾವ ಪ್ರೋಟೋಕಾಲ್, ಯಾವ ಪೋರ್ಟ್ ಎಂಬ ವಿವರಗಳನ್ನು) ನಾನೇ ರಚಿಸಿದ್ದೇನೆ: ವೆಬ್‌ಗೆ ಟಿಸಿಪಿ 443, ಡಿಎನ್‌ಎಸ್‌ಗೆ ಯುಡಿಪಿ ಮತ್ತು ಟಿಸಿಪಿ 53, ಸಿದ್ದಾಪುರದ ಗೋದಾಮಿಗೆ ಸುರಕ್ಷಿತ ಸಂಪರ್ಕ ಕೊಡುವ ವಿಪಿಎನ್‌ಗೆ ಟಿಸಿಪಿ 50 ಮತ್ತು 500. ಯಂತ್ರ ಜಾಲದಲ್ಲಿದೆಯೇ ಎಂದು ಪರೀಕ್ಷಿಸುವ ಪಿಂಗ್‌ಗೆ ಉತ್ತರಿಸಿದರೆ ಹೊರಗಿನವರಿಗೆ ನಮ್ಮ ಸುಳಿವು ಸಿಗುತ್ತದೆಂದು ಯಾರೋ ಹೇಳಿದ್ದರಿಂದ, ಪಿಂಗ್ ಬಳಸುವ ಐಸಿಎಂಪಿ ಪ್ರೋಟೋಕಾಲನ್ನು ಪೂರ್ತಿಯಾಗಿ ತಡೆಯುವ ನಿಯಮವನ್ನು ಎಲ್ಲಕ್ಕಿಂತ ಮೇಲೆ ಇಟ್ಟಿದ್ದೇನೆ. ಅಂದಿನಿಂದ ಸಣ್ಣ ಮೇಲ್‌ಗಳು ಹೋಗುತ್ತವೆ, ಆದರೆ ಬಿಲ್ಲುಗಳ ಸ್ಕ್ಯಾನ್ ಪ್ರತಿ ಲಗತ್ತಿಸಿದರೆ ಅಲ್ಲಿಗೇ ನಿಂತುಬಿಡುತ್ತದೆ. ವಿಪಿಎನ್ ಅಂತೂ ಏಳುವುದೇ ಇಲ್ಲ. ಮಳೆಗಾಲದಲ್ಲಿ ಮರ ಬಿದ್ದು ಕೇಬಲ್ ತುಂಡಾಗುವುದು ನಮಗೆ ಹೊಸತಲ್ಲವಾದ್ದರಿಂದ ಮೊದಲು ಲೈನನ್ನೇ ದೂರಿದೆ, ಆದರೆ ಲೈನ್ ಸರಿಯಾಗಿಯೇ ಇದೆ. ಐಸಿಎಂಪಿ ಸೇವೆ ರಚಿಸಲು ಹೋದರೆ ಪೋರ್ಟ್‌ನ ಬದಲು ಟೈಪ್ ಮತ್ತು ಕೋಡ್ ಕೇಳುತ್ತದೆ. ಅಲ್ಲಿ ಏನು ಬರೆಯಬೇಕು?

ಮಂಜಿನೂರು:
ಜಾಲದ ಯಂತ್ರಗಳು ದೋಷ, ಸ್ಥಿತಿಗಳನ್ನು ಪರಸ್ಪರ ತಿಳಿಸಲು ಬಳಸುವ ಐಸಿಎಂಪಿಗೆ ಪೋರ್ಟ್ ಎಂಬುದೇ ಇಲ್ಲ. ಟಿಸಿಪಿಯ ಪ್ರೋಟೋಕಾಲ್ ಸಂಖ್ಯೆ 6, ಯುಡಿಪಿಯದು 17 ಇರುವಂತೆ ಇದರದು 1, ಮತ್ತು ಅದರೊಳಗಿನ ಸಂದೇಶ ಯಾವುದೆಂಬುದನ್ನು ಟೈಪ್ ಹಾಗೂ ಕೋಡ್ ಹೇಳುತ್ತವೆ. ಪಿಂಗ್‌ನ ಕೋರಿಕೆ ಟೈಪ್ 8, ಉತ್ತರ ಟೈಪ್ 0. ನೀವು ಈ ಎರಡನ್ನು ತಡೆಯಲು ಹೋಗಿ ಟೈಪ್ 3, ಕೋಡ್ 4 ಅನ್ನೂ ತಡೆದಿದ್ದೀರಿ. ‘ಪ್ಯಾಕೆಟ್ ದೊಡ್ಡದಾಯಿತು, ಒಡೆಯಲು ನೀವು ಅನುಮತಿ ಕೊಟ್ಟಿಲ್ಲ, ಚಿಕ್ಕದು ಮಾಡಿ ಕಳುಹಿಸಿ’ ಎಂದು ದಾರಿಯ ರೌಟರ್ ತಿಳಿಸುವ ಸಂದೇಶವದು. ನಿಮ್ಮ ಲೈನ್ ಪಿಪಿಪಿಓಇ (ಬ್ರಾಡ್‌ಬ್ಯಾಂಡ್‌ಗೆ ಲಾಗಿನ್ ಆಗುವ ಒಂದು ವಿಧಾನ) ಆಗಿದ್ದರೆ 1500 ಬೈಟ್‌ನ ಪ್ಯಾಕೆಟ್ ಅದರಲ್ಲಿ ಹಿಡಿಸದು, ಸಾಮಾನ್ಯವಾಗಿ 1492ಕ್ಕೆ ಮಿತಿ. ಸಂಪಾಜೆ ಘಾಟಿಯಲ್ಲಿ ಭಾರಿ ಲಾರಿಯನ್ನು ತಡೆದು ನಿಲ್ಲಿಸಿದರೂ ಆ ಸುದ್ದಿ ಮಾಲೀಕನಿಗೆ ಮುಟ್ಟದಿದ್ದರೆ, ಆತ ಅಷ್ಟೇ ದೊಡ್ಡ ಲಾರಿಯನ್ನು ಮತ್ತೆ ಮತ್ತೆ ಕಳುಹಿಸುತ್ತಲೇ ಇರುತ್ತಾನಲ್ಲವೇ? ಪಿಪಿಪಿಓಇ ನಿಮ್ಮಲ್ಲಿ ಎಲ್ಲಿ ಮುಗಿಯುತ್ತದೆ, ಫೈರ್‌ವಾಲ್‌ನಲ್ಲೋ ಅದರ ಮುಂದಿನ ಮೋಡೆಮ್‌ನಲ್ಲೋ?

ಗೋಣಿಕೊಪ್ಪದ ಲೆಕ್ಕಿಗ:
ಮೋಡೆಮ್‌ನಲ್ಲಿ, ಸರ್. ಫೈರ್‌ವಾಲ್ ಅದರ ಹಿಂದೆ ಇದೆ.

ಮಂಜಿನೂರು:
ಹಾಗಾದರೆ ಮೋಡೆಮ್ ಕಳುಹಿಸುವ ಆ ಸಂದೇಶ ನಿಮ್ಮ ಫೈರ್‌ವಾಲ್‌ನಲ್ಲೇ ಸಾಯುತ್ತಿದೆ. ಐಸಿಎಂಪಿ ದೋಷಸಂದೇಶದೊಳಗೆ ಮೂಲ ಪ್ಯಾಕೆಟ್‌ನ ಐಪಿ ಹೆಡರ್ ಮತ್ತು ಅದರ ನಂತರದ ಮೊದಲ 8 ಬೈಟ್‌ಗಳು ಇರುತ್ತವೆ, ಪೋರ್ಟ್ ಸಂಖ್ಯೆಗಳು ಇರುವುದೂ ಅಲ್ಲಿಯೇ. ಆದ್ದರಿಂದ ಸ್ಥಿತಿಯನ್ನು ನೆನಪಿಡುವ ಫೈರ್‌ವಾಲ್, ಈ ಸಂದೇಶ ಯಾವ ಸಂಪರ್ಕಕ್ಕೆ ಸೇರಿದ್ದೆಂದು ತಾನೇ ಗುರುತಿಸಿ ಒಳಗೆ ಬಿಡಬಲ್ಲದು. ನಿಮ್ಮ ತಡೆ ನಿಯಮ ಮೇಲೆ ಕುಳಿತಿರುವುದರಿಂದ ಆ ಹಂತಕ್ಕೇ ಅದು ತಲುಪುತ್ತಿಲ್ಲ.

ಹಾರಂಗಿ ದಂಡೆ:
ಮೇಲಿನದನ್ನು ಒಪ್ಪುತ್ತೇನೆ, ಆದರೆ ಈಗ ಬೇಸತ್ತು ‘ಎಲ್ಲ ಐಸಿಎಂಪಿ’ ಎಂಬ ಸಿದ್ಧ ಸೇವೆಯನ್ನು ಆರಿಸಿಬಿಡಬೇಡಿ. ದಾರಿ ಬದಲಿಸಲು ಹೇಳುವ ಟೈಪ್ 5 ಹೊರಗಿನಿಂದ ಬರಬೇಕಾದ ಅಗತ್ಯವಿಲ್ಲ. ಟೈಪ್ 3 ಮತ್ತು ಪ್ಯಾಕೆಟ್‌ನ ಆಯುಸ್ಸು ಮುಗಿಯಿತೆಂದು ಹೇಳುವ ಟೈಪ್ 11 ಒಳಬರಲಿ, ಒಳಗಿನವರ ಟೈಪ್ 8 ಹೊರಹೋಗಲಿ, ಅದಕ್ಕೆ ಟೈಪ್ 0 ಮರಳಲಿ. ಹೊರಗಿನಿಂದ ಬರುವ ಟೈಪ್ 8 ಅನ್ನು ತಡೆಯುವುದು ನಿಮ್ಮ ಇಷ್ಟ. ಐಪಿಯ ಹೊಸ ಆವೃತ್ತಿಯಾದ ಐಪಿವಿ6 ಬಳಸುವ ದಿನ ಬಂದರೆ ಇದೇ ಪಟ್ಟಿಯನ್ನು ಅಲ್ಲಿಗೆ ಹೊರಿಸಬೇಡಿ. ಅದರ ಐಸಿಎಂಪಿಯ ಪ್ರೋಟೋಕಾಲ್ ಸಂಖ್ಯೆ 58, ನೆರೆಯ ಯಂತ್ರವನ್ನು ಹುಡುಕುವ ಕೆಲಸವೂ ಅದರದ್ದೇ, ತಡೆದರೆ ಜಾಲವೇ ನಿಲ್ಲುತ್ತದೆ.

ವಿಪಿಎನ್‌ನ ತಪ್ಪು ಬೇರೆ. ಇಂಥ ವಿಪಿಎನ್‌ಗಳು ಬಳಸುವ ಐಪಿಸೆಕ್‌ನಲ್ಲಿ 50 ಎಂಬುದು ಪೋರ್ಟ್ ಅಲ್ಲ, ಗೂಢಲಿಪಿಯಲ್ಲಿ ಮಾಹಿತಿ ಒಯ್ಯುವ ಇಎಸ್‌ಪಿಯ ಪ್ರೋಟೋಕಾಲ್ ಸಂಖ್ಯೆ. 500 ಕೂಡ ಟಿಸಿಪಿಯಲ್ಲ, ಯುಡಿಪಿ. ನಿಮ್ಮ ಮೋಡೆಮ್ ನ್ಯಾಟ್ (ಐಪಿ ವಿಳಾಸ ಬದಲಿಸುವಿಕೆ) ಮಾಡುವುದಾದರೆ ಇಎಸ್‌ಪಿ ಯುಡಿಪಿ 4500ರೊಳಗೆ ಸುತ್ತಿಕೊಂಡು ಹೋಗುತ್ತದೆ, ಹಾಗಾಗಿ 500 ಮತ್ತು 4500 ಎರಡನ್ನೂ ಯುಡಿಪಿಯಾಗಿ ಬರೆಯಿರಿ. ಈ 50ರ ತಪ್ಪನ್ನು ನಾನೂ ಒಮ್ಮೆ ಮಾಡಿ ಇಡೀ ಭಾನುವಾರ ಕಳೆದಿದ್ದೇನೆ. ಇನ್ನೊಂದು ಮಾತು: ಸೇವೆ ರಚಿಸುವಾಗ ಮೂಲ ಪೋರ್ಟ್‌ನ ಜಾಗದಲ್ಲೂ 443 ಎಂದು ತುಂಬಿಬಿಡುವವರಿದ್ದಾರೆ. ಬ್ರೌಸರ್ ಯಾವುದೋ ದೊಡ್ಡ ಸಂಖ್ಯೆಯ ಪೋರ್ಟ್‌ನಿಂದ ಹೊರಡುವುದರಿಂದ ಅಂಥ ನಿಯಮಕ್ಕೆ ಏನೂ ಸಿಕ್ಕುವುದಿಲ್ಲ.

ಗೋಣಿಕೊಪ್ಪದ ಲೆಕ್ಕಿಗ:
ಇಬ್ಬರಿಗೂ ಧನ್ಯವಾದ. ಮೊದಲು ಪಿಂಗ್‌ನ ಟೈಪ್ 8 ಮತ್ತು 0 ಮಾತ್ರ ತೆರೆದು, ಒಡೆಯಬಾರದೆಂಬ ಆಯ್ಕೆಯೊಂದಿಗೆ 1472 ಬೈಟ್ ಕಳುಹಿಸಿದಾಗ ‘ಸಮಯ ಮೀರಿತು’ ಎಂದಷ್ಟೇ ಬಂದಿತು. ಟೈಪ್ 3 ಅನ್ನೂ ಬಿಟ್ಟ ಮೇಲೆ ಪ್ಯಾಕೆಟ್ ಒಡೆಯಬೇಕಾಗಿದೆ ಎಂಬ ಸ್ಪಷ್ಟ ಉತ್ತರವೇ ಬಂದಿದೆ. 1464 ಬೈಟ್ ಸರಾಗವಾಗಿ ಹೋಯಿತು, 28 ಬೈಟ್ ಹೆಡರ್ ಸೇರಿಸಿದರೆ ಸರಿಯಾಗಿ 1492. ಬಿಲ್ಲುಗಳ ಮೇಲ್ ಹೋಗಿದೆ. ವಿಪಿಎನ್ ಸಹ ಎದ್ದಿದೆ, ಗೋದಾಮಿನ ದಾಸ್ತಾನು ಪಟ್ಟಿ ಈಗ ಇಲ್ಲಿಂದಲೇ ಕಾಣುತ್ತಿದೆ.