ಸಮಸ್ಯೆ: ತೋಪಿನೆದೆಯಲಿ ಹಕ್ಕಿ

ಕಾಳಿತೀರ (ಕಾರವಾರ): ಈ ವಾರದ ಸಮಸ್ಯಾಪೂರಣಕ್ಕೆ (ಕೊಟ್ಟ ಸಾಲಿಗೆ ಪದ್ಯ ಕಟ್ಟುವ ಆಟಕ್ಕೆ) ಸಾಲು, ಆರು ಪಾದದ ಭಾಮಿನಿ ಷಟ್ಪದಿಯ ಕೊನೆಯ ಪಾದ:

ತೋಪಿನೆದೆಯಲಿ ಹಕ್ಕಿ ಮೊಟ್ಟೆಯನಿಟ್ಟು ಹಾಡಿದುದು

ಮೊದಲ ಐದು ಪಾದ ನಿಮ್ಮದು. ಪ್ರಾಸ, ಅಂದರೆ ಪ್ರತಿ ಪಾದದ ಎರಡನೇ ಅಕ್ಷರ, ಪಕಾರ; ಅದರ ಹಿಂದಿನ ಅಕ್ಷರ ಗುರು (ಎರಡು ಮಾತ್ರೆಯದು). ಯಕ್ಷಗಾನ ಕೇಳಿ ಬೆಳೆದವರಿಗೆ ಭಾಮಿನಿಯ ಮೂರು-ನಾಲ್ಕು ಮಾತ್ರೆಗಳ ನಡೆ ಹೇಳಿಕೊಡಬೇಕಾಗಿಲ್ಲ. ಬೆಂಕಿ ಉಗುಳುವ ತೋಪಿನಲ್ಲಿ ಹಕ್ಕಿ ಮೊಟ್ಟೆ ಇಡೋದು ಹೇಗೆ?

ಅಪ್ಪೆಮಿಡಿ (ಶಿರಸಿ):

ಹೋಪ ಬನ್ನಿರಿ ಮಾವು ಹೂತಿದೆ
ಧೂಪದಂದದಿ ಗಂಧ ಹರಡಿದೆ
ದೀಪದಂತಿವೆ ಚಿಗುರು ಕೆಂಪಗೆ ಕೊಂಬೆ ಕೊಂಬೆಯಲಿ
ಕೋಪವೇತಕೆ ತೋಪು ಎಂದರೆ
ಪಾಪ ಮರಗಳ ಸಾಲು ಅಲ್ಲವೆ
ತೋಪಿನೆದೆಯಲಿ ಹಕ್ಕಿ ಮೊಟ್ಟೆಯನಿಟ್ಟು ಹಾಡಿದುದು

ಕಾಳಿತೀರ: ಭಾವ, ನಿಮ್ಮ ಮನೆಮಾತಿನ ‘ಹೋಪ’ (ಹೋಗೋಣ) ಪ್ರಾಸಕ್ಕೆ ಎಷ್ಟು ಚೆನ್ನಾಗಿ ಒದಗಿತು! ಮಾವಿನ ತೋಪು ನಮ್ಮ ದ್ರಾವಿಡ ಪದವೇ, ತಮಿಳಿನಲ್ಲೂ ತೋಪ್ಪು. ಸಿಡಿಯುವ ತೋಪಿಗೂ ಅದಕ್ಕೂ ನೆಂಟಸ್ತಿಕೆ ಇಲ್ಲ. ಅದು ತುರ್ಕಿ ಮಾತು. ಅಲ್ಲಿ ಚೆಂಡಿಗೂ ಅದೇ ಹೆಸರು. ಪಾರಸಿ, ಉರ್ದು ದಾರಿ ಹಿಡಿದು ನಮ್ಮಲ್ಲಿಗೆ ಬಂತು. ಆದರೆ ಅರ್ಥ ಬದಲಿಸಿ ಬಿಡಿಸೋದು ಸುಲಭದ ದಾರಿ. ತೋಪನ್ನು ಫಿರಂಗಿಯಾಗಿಯೇ ಉಳಿಸಿ ಹಕ್ಕಿಯನ್ನು ಕೂರಿಸಿದರೆ ಪದ್ಯಕ್ಕೆ ತೂಕ ಜಾಸ್ತಿ.

ಅಘನಾಶಿನಿ (ಕುಮಟಾ): ಮಿರ್ಜಾನ ಕೋಟೆಯ ಹುಲ್ಲು ನೆನೆದು ಬರೆದೆ.

ಕೋಪವಾರಿದ ಕೋಟೆ ಬುರುಜಲಿ
ತಾಪ ತಣಿಯಿತು ತುಕ್ಕು ಹಿಡಿಯಿತು
ಪಾಪ ಮಾಡಿದ ಬಾಯಿಯೊಳಗಡೆ ಹುಲ್ಲು ಚಿಗುರಿತಲಾ
ರೂಪವುಳಿದಿರೆ ಬರಿಯ ಕಬ್ಬಿಣ
ದೀಪವಿಲ್ಲದ ಕೊಳವೆ ಹೊಕ್ಕುತ
ತೋಪಿನೆದೆಯಲಿ ಹಕ್ಕಿ ಮೊಟ್ಟೆಯನಿಟ್ಟು ಹಾಡಿದುದು

ಅಪ್ಪೆಮಿಡಿ: ಅಕ್ಕ, ‘ಪಾಪ ಮಾಡಿದ ಬಾಯಿ’ ಓದಿ ಮೈ ಜುಂ ಅಂದಿತು. ಇದರ ಮುಂದೆ ನನ್ನದು ಬರೀ ಮಾವಿನ ಹೂವು. ಆದರೆ ಶತಘ್ನಿ, ಫಿರಂಗಿ ಎರಡನ್ನೂ ಯಾಕೆ ಬಿಟ್ಟಿರಿ?

ಅಘನಾಶಿನಿ: ಶತಘ್ನಿ ರಾಮಾಯಣ, ಭಾರತಗಳ ಆಯುಧ. ನೂರು ಮಂದಿಯನ್ನು ಕೊಲ್ಲುವಂಥದ್ದು ಅಂತ ಅರ್ಥ. ಸಿಡಿಮದ್ದಿನ ಕಾಲದವರು ಆ ಹೆಸರನ್ನು ಎತ್ತಿಕೊಂಡು ಫಿರಂಗಿಗೆ ತೊಡಿಸಿದರು. ತುಕ್ಕು ಹಿಡಿದ ಕಬ್ಬಿಣಕ್ಕೆ ಅಷ್ಟು ದೊಡ್ಡ ಹೆಸರು ನನಗೆ ಬೇಡ ಅನ್ನಿಸಿತು.

ಕಾಳಿತೀರ: ಫಿರಂಗಿಯ ಕಥೆ ಇನ್ನೂ ಉದ್ದ. ಅದು ಮೂಲದಲ್ಲಿ ಒಂದು ಜನದ ಹೆಸರು. ಯುರೋಪಿನ ಫ್ರಾಂಕರನ್ನು ಅರಬರು ಫಿರಂಜ್ ಅಂದರು, ಪಾರಸಿಯವರು ಫರಂಗ್ ಅಂದರು. ಆಮೇಲೆ ಪಡುವಣದಿಂದ ಬಂದವರೆಲ್ಲ ಫಿರಂಗಿಗಳೇ! ಅವರ ಹೆಸರು ಅವರ ತೋಪಿಗೂ ಅಂಟಿತು. 1526ರ ಪಾಣಿಪತ್ ಕಾಳಗ ಬರೆಯುವಾಗ ಬಾಬರ್ ತನ್ನ ತೋಪುಗಳನ್ನು ಫಿರಂಗಿ ಅಂತಲೇ ಕರೆದಿದ್ದಾನೆ. ದಖ್ಖನ್ನಿನಲ್ಲಿ ಯುರೋಪಿನ ಅಲಗು ಕೂರಿಸಿದ ಕತ್ತಿಯೂ ಫಿರಂಗಿ. ಭಾವಪ್ರಕಾಶ ಎಂಬ ವೈದ್ಯಗ್ರಂಥದಲ್ಲಿ ಒಂದು ರೋಗಕ್ಕೂ ಫಿರಂಗ ಅಂತ ಹೆಸರು. ನಮಗಿದು ದೂರದ ಮಾತಲ್ಲ. ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ ಪೋರ್ಚುಗೀಸರು 1505ರಲ್ಲೇ ಕೋಟೆ ಕಟ್ಟಿದ್ದರು. ‘ದ್ವೀಪ’ದ ಎರಡನೇ ಅಕ್ಷರವೂ ಪಕಾರವೇ ಅಲ್ವಾ? ಯಾರಾದರೂ ಹಿಡಿಯಿರಿ.

ಕಡಲಕೊಕ್ಕರೆ (ಅಂಕೋಲಾ): ಹಿಡಿದೆ. 1961ರಲ್ಲಿ ಗೋವೆಯ ಜೊತೆ ಅಂಜದೀವವೂ ಅವರ ಕೈಬಿಟ್ಟಿತಲ್ಲ, ಅದರ ಮೇಲೆ.

ದ್ವೀಪ ತೊರೆದರು ಹಡಗನೇರುತ
ಭೂಪರಾದ ಫಿರಂಗಿ ಮಂದಿಯು
ಚಾಪೆ ಹಾಸಿದ ಹಾಗೆ ಮಲಗಿತು ಕಡಲು ತೀರದಲಿ
ಕೂಪದಾಳದ ಮೌನ ಕವಿಯಿತು
ಕಾಪು ಕಾಯುವ ಭಟರು ಇಲ್ಲದ
ತೋಪಿನೆದೆಯಲಿ ಹಕ್ಕಿ ಮೊಟ್ಟೆಯನಿಟ್ಟು ಹಾಡಿದುದು

ಅಘನಾಶಿನಿ: ಐದನೇ ಪಾದ ನಿಲ್ಲದೆ ಹಾಗೇ ಆರಕ್ಕೆ ಹರಿದಿದೆ. ‘ಭಟರು ಇಲ್ಲದ ತೋಪು’! ಕೊಟ್ಟ ಸಾಲು ಕೊಟ್ಟದ್ದು ಅನ್ನಿಸುವುದೇ ಇಲ್ಲ. ‘ಭೂಪರಾದ ಫಿ, ರಂಗಿ’ ಅಂತ ಪದ ಎರಡು ಗಣಗಳಿಗೆ (ಮಾತ್ರೆಯ ಗುಂಪುಗಳಿಗೆ) ಒಡೆದದ್ದೂ ಹಾಡಿಕೊಂಡಾಗ ಸರಿಯಾಗಿ ಕೂರುತ್ತದೆ.

ಕಾಳಿತೀರ: ನನ್ನ ಮತವೂ ಇದಕ್ಕೇ. ಇನ್ನು ಮುಂದಿನ ವಾರಕ್ಕೆ. ಫಿರಂಗಿ ನಮ್ಮ ನಾಲಿಗೆಯಲ್ಲಿ ಸವೆದು ಪರಂಗಿ ಆಯಿತು. ಅದರ ಅರ್ಥಗಳನ್ನು ಈಗಲೇ ಹೇಳಿದರೆ ಗುಟ್ಟು ಒಡೆಯುತ್ತದೆ. ಪ್ರಾಸ ತ್ತಕಾರ:

ಕತ್ತಿ ಹಿಡಿದಳು ಅಜ್ಜಿ ಸೀಳೆ ಪರಂಗಿ ಹೊಟ್ಟೆಯನು