ಪದ ಬೇಕು: ಟ್ರಾನ್ಸ್‌ಫಾರ್ಮರ್ ಕೈಪಿಡಿಯಲ್ಲಿ ‘ಆರ್ಕಿಂಗ್ ಗ್ರೌಂಡ್ ಫಾಲ್ಟ್’

ಗೆಳೆಯರೇ, 11 ಕೆವಿ/433 ವೋಲ್ಟ್ ಟ್ರಾನ್ಸ್‌ಫಾರ್ಮರಿನ ಫ್ಯೂಸ್‌ಗಳ ಬಗ್ಗೆ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಅಚ್ಚಿಗೆ ಹೋಗಬೇಕು. ಎಲ್‌ಟಿ (433 ವೋಲ್ಟಿನ) ಕಡೆಯ ‘ಆರ್ಕಿಂಗ್ ಗ್ರೌಂಡ್ ಫಾಲ್ಟ್’ಗೆ, ಅಂದರೆ ಕರೆಂಟ್ ಗಾಳಿಯ ಸಂದಿಯಲ್ಲಿ ಉರಿಯುತ್ತಾ (ಅದೇ ಆರ್ಕ್) ನೆಲಕ್ಕೆ ಹರಿಯುವ ದೋಷಕ್ಕೆ, ಏನನ್ನೋಣ? ‘ಅರ್ಥ್ ದೋಷ’ ಅಂತ ಹಾಕಿದ್ದೆ, ಕರಡು ತಿದ್ದುವವರು ಅದನ್ನು ‘ಅರ್ಥದೋಷ’ ಮಾಡಿಬಿಟ್ಟರು. ‘ಕಿಡಿಯ ಭೂಸೋರಿಕೆ’ ಆಗಬಹುದಾ?

ಉತ್ತರ:
ಆಗದು. ಕಿಡಿ ಹಾರಿ ಆರುತ್ತದೆ, ಆರ್ಕ್ ಉರಿಯುತ್ತಲೇ ಇರುತ್ತದೆ. ‘ಸೋರಿಕೆ’ ಇನ್ನೂ ತಪ್ಪು. ಮನೆಯ ಇಎಲ್‌ಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) 30 ಮಿಲಿಆಂಪಿಯರ್‌ಗೆ ಟ್ರಿಪ್ ಆಗುತ್ತದಲ್ಲ, ಅದು ಸೋರಿಕೆ. ‘ವಿದ್ಯುತ್ ಚಾಪ’ ಇದೆ, ಬಳಸಿ.

ಉತ್ತರ:
ಚಾಪ ಯಾಕೆ? ಅದು ಬಿಲ್ಲಿಗೆ ಸಂಸ್ಕೃತ. ಆರ್ಕ್ ಕೂಡ ಲ್ಯಾಟಿನ್ನಿನ ಬಿಲ್ಲೇ. ಎರಡು ಇದ್ದಿಲ ಕಡ್ಡಿಗಳ ನಡುವೆ ಉರಿ ಮೇಲಕ್ಕೆ ಬಾಗಿ ನಿಂತಿದ್ದರಿಂದ ಆ ಹೆಸರು ಬಂತು. ನಮ್ಮಲ್ಲಿ ಬಿಲ್ಲು ಇಲ್ಲವೇ? ‘ಉರಿಬಿಲ್ಲು’ ಅನ್ನಿ. ಗ್ರೌಂಡಿಗೆ ‘ನೆಲ’ ಸಾಕು.

ಉತ್ತರ:
ಉರಿಬಿಲ್ಲು ಅಂದರೆ ಯಾವ ಪವರ್‌ಮ್ಯಾನ್‌ಗೂ ತಿಳಿಯದು. ಕೈಪಿಡಿ ಇರುವುದು ಅವರಿಗೆ.

100 ಕೆವಿಎ ಟಿಸಿ (ಟ್ರಾನ್ಸ್‌ಫಾರ್ಮರ್) ತಗೊಳ್ಳಿ, ಇಂಪೀಡೆನ್ಸ್ (ಕರೆಂಟಿಗೆ ಅದರೊಳಗಿನ ತಡೆ) 4.5%. ಎಲ್‌ಟಿ ಬುಷಿಂಗ್ (ತಂತಿ ಹೊರಬರುವ ಜಾಗ) ಹತ್ತಿರವೇ ಮೂರೂ ಫೇಸ್ ನೇರ ಶಾರ್ಟ್ ಆದರೆ ಹೆಚ್ಚೆಂದರೆ 2,960 ಆಂಪಿಯರ್. 11 ಕೆವಿ ಕಡೆ ಅದು 117. ಒಂದೇ ಫೇಸ್ ಅರ್ಥ್ ಆದರೆ, ಡೆಲ್ಟಾ-ಸ್ಟಾರ್ ಜೋಡಣೆಯಿಂದಾಗಿ (11 ಕೆವಿ ಕಡೆಯ ಕಾಯಿಲ್‌ಗಳು ತ್ರಿಕೋನದಂತೆ, ಎಲ್‌ಟಿ ಕಡೆಯವು ನಕ್ಷತ್ರದಂತೆ) ಎಚ್‌ಟಿ (11 ಕೆವಿ ಕಡೆಯ) ಫ್ಯೂಸಿಗೆ ಕಾಣುವುದು ಆ 117ರ 58% ಮಾತ್ರ, ಅಂದರೆ ಸುಮಾರು 67. ನಡುವೆ ಆರ್ಕ್ ಇದ್ದರೆ ಅದರ ತಡೆಯೂ ಸೇರಿ ಕರೆಂಟ್ ಇನ್ನೂ ಇಳಿಯುತ್ತದೆ. ಫ್ಯೂಸ್ ಹೋಗುವುದು ತಡವಾಗುತ್ತದೆ, ಕೆಲವೊಮ್ಮೆ ಹೋಗುವುದೇ ಇಲ್ಲ. ಅಷ್ಟರಲ್ಲಿ ಒಳಗಿನ ಕಾಯಿಲ್ ಸುಟ್ಟಿರುತ್ತದೆ. ಅಮೆರಿಕದ ವಿದ್ಯುತ್ ಸಂಹಿತೆ 1971ರಲ್ಲಿ 480 ವೋಲ್ಟಿನ, 1000 ಆಂಪಿಯರ್ ಮತ್ತು ಮೇಲ್ಪಟ್ಟ ಸಂಪರ್ಕಗಳಿಗೆ ಬೇರೆಯೇ ಗ್ರೌಂಡ್ ಫಾಲ್ಟ್ ರಕ್ಷಣೆ ಕಡ್ಡಾಯ ಮಾಡಿದ್ದು ಇಂಥದ್ದಕ್ಕೇ.

ಸುಮ್ನೆ ‘ಶಾರ್ಟ್’ ಅಂತ ಬರೆದರೆ, ಫ್ಯೂಸ್ ತಟ್ಟನೆ ಹೋಗುತ್ತದೆ ಅಂತ ಓದಿದವರು ನಂಬುತ್ತಾರೆ. ಆಮೇಲೆ, ಹೇಗೂ ಹೋಗುತ್ತದಲ್ಲ ಅಂತ, ಫ್ಯೂಸಿಗೆ ದಪ್ಪ ವೈರ್ ಕಟ್ಟುತ್ತಾರೆ. ಅದು ಆಗಬಾರದು. ‘ಆರ್ಕ್ ಹೊಡೆಯುವ ಅರ್ಥ್ ಫಾಲ್ಟ್’ ಅಂತ ಹಾಕಿ.

ಉತ್ತರ (ಉರಿಬಿಲ್ಲಿನವರಿಂದ):
ಲೆಕ್ಕ ಒಪ್ಪುತ್ತೇನೆ, ಪದ ಒಪ್ಪೋದಿಲ್ಲ. ನಾಲ್ಕರಲ್ಲಿ ಮೂರು ಇಂಗ್ಲಿಷ್. ಹಿಂದಿನವರು ರೈಲಿಗೆ ‘ಉಗಿಬಂಡಿ’ ಅಂದಿದ್ದರು, ಜನ ಬಳಸಿದರು. ಕೊಡದೇ ಇದ್ದರೆ ಯಾವ ಪದ ತಾನೇ ನೆಲೆಗೊಳ್ಳುತ್ತದೆ?

ಉತ್ತರ:
ಉಗಿಬಂಡಿಗೆ ಟಿಕೆಟ್ ಕೇಳುವವರು ಇವತ್ತು ಯಾರಿದ್ದಾರೆ? ಫ್ಯೂಸ್, ಕರೆಂಟ್, ಲೈನು ಈಗ ಕನ್ನಡವೇ. ಜೀವದ ಪ್ರಶ್ನೆ ಇರುವಲ್ಲಿ ಹೊಸ ಪದದ ಪರೀಕ್ಷೆ ಬೇಡ.

ಕೇಳಿದವರು:
‘ಆರ್ಕ್ ಹೊಡೆಯುವ ಅರ್ಥ್ ಫಾಲ್ಟ್’ ಅಂತಲೇ ಕಳಿಸುತ್ತಿದ್ದೇನೆ. ಆ 58% ಲೆಕ್ಕವನ್ನೂ ಅಡಿಟಿಪ್ಪಣಿಯಲ್ಲಿ ಸೇರಿಸಿಕೊಳ್ಳಲಾ?