ಗಬ್ಬ ನಿಲ್ಲದ ಕುದುರೆಯನ್ನು ‘ಗೊಡ್ಡು’ ಅನ್ನಬಹುದಾ?

ಗೆಳೆಯರಿಗೆ ನಮಸ್ಕಾರ. ಎರಡು ಪದಗಳ ವಿಚಾರದಲ್ಲಿ ನಿಮ್ಮ ಸಹಾಯ ಬೇಕು.

ಹಾಸನದ ಸುತ್ತ ಕುದುರೆ ಸಾಕುವವರಿಗಾಗಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಹೆಣ್ಣು ಕುದುರೆಯ ಗರ್ಭಕೋಶಕ್ಕೆ ಬ್ಯಾಕ್ಟೀರಿಯಾ ಸೇರಿ ಗಬ್ಬ ನಿಲ್ಲದೆ ಹೋಗುವುದು ಅದರ ವಿಷಯ. ನಮ್ಮದು ದನದ ಸೀಮೆ. ಪಕ್ಕದ ಜಿಲ್ಲೆಯ ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಕೇಂದ್ರವೇ ಇದೆ. ಹಾಗಾಗಿ ಬೆದೆ, ಗಬ್ಬ, ಈಯುವುದು, ಮಾಸು, ಕಂದು ಹಾಕುವುದು, ಈ ಮಾತೆಲ್ಲ ದನದಿಂದ ಕುದುರೆಗೆ ಸಲೀಸಾಗಿ ಬರುತ್ತವೆ. ‘ಗೊಡ್ಡು’ ಒಂದನ್ನು ಬರೆಯಲು ಮಾತ್ರ ನನಗೆ ಮನಸ್ಸು ಬರುತ್ತಿಲ್ಲ.

ಗೊಡ್ಡು ಅಂದ ಕೂಡಲೇ ಜನಕ್ಕೆ ಕೇಳಿಸುವುದು ‘ಇನ್ನು ಇದರಿಂದ ಆಗದು’ ಅಂತ. ಅಲ್ಲಿಂದ ಮುಂದಕ್ಕೆ ಮಾರುವ ಮಾತು. ಕುದುರೆ ಹಗಲು ಉದ್ದವಾಗಿರುವ ತಿಂಗಳುಗಳಲ್ಲಿ ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಗಬ್ಬ ಹನ್ನೊಂದು ತಿಂಗಳು. ಆ ಕಾಲ ತಪ್ಪಿತು ಅಂದರೆ ಒಂದು ವರ್ಷವೇ ಹೋಯ್ತು. ಅಷ್ಟು ಹೊತ್ತಿಗೆ ಹೆಸರು ಅಂಟಿಕೊಂಡಿರುತ್ತದೆ.

ಆದರೆ ಸೋಂಕಿನಿಂದ ಗಬ್ಬ ನಿಲ್ಲದ ಎಷ್ಟೋ ಕುದುರೆಗಳು ಚಿಕಿತ್ಸೆ ಕೊಟ್ಟರೆ ಮತ್ತೆ ಈಯುತ್ತವೆ. ಸ್ಟ್ರೆಪ್ಟೊಕಾಕಸ್, ಇ. ಕೊಲೈ, ಕ್ಲೆಬ್ಸಿಯೆಲ್ಲಾ, ಸ್ಯೂಡೊಮೊನಾಸ್, ಹೆಚ್ಚಾಗಿ ಸಿಗುವ ಬ್ಯಾಕ್ಟೀರಿಯಾ ಇವೇ. ಗರ್ಭಕೋಶದ ಒಳಗಿನಿಂದ ಸ್ವಾಬ್ (ಹತ್ತಿ ಸುತ್ತಿದ ಕಡ್ಡಿಯಲ್ಲಿ ಮಾದರಿ) ತೆಗೆದು, ಯಾವ ಬ್ಯಾಕ್ಟೀರಿಯಾ ಅಂತ ಪರೀಕ್ಷೆ ಮಾಡಿಸಿ, ಅದಕ್ಕೆ ತಕ್ಕ ಔಷಧಿ ಕೊಡುತ್ತಾರೆ. ಸಲೈನ್‌ನಿಂದ ಒಳಗೆ ತೊಳೆಯುತ್ತಾರೆ. ನಿಂತ ದ್ರವ ಹೊರಗೆ ಬರಲು ಆಕ್ಸಿಟೋಸಿನ್ ಕೊಡುತ್ತಾರೆ. ಕೆಲವು ಕುದುರೆಗಳಲ್ಲಿ ಯೋನಿಯ ತುಟಿಗಳು ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ. ಗಾಳಿ, ಲದ್ದಿ ಒಳಗೆ ಹೋಗುತ್ತವೆ. ಅದಕ್ಕೆ ಮೇಲಿನ ಭಾಗಕ್ಕೆ ಹೊಲಿಗೆ ಹಾಕುವ ಕ್ರಮವನ್ನು ಕ್ಯಾಸ್ಲಿಕ್ ಎಂಬ ಪಶುವೈದ್ಯ 1937ರಲ್ಲೇ ಬರೆದಿಟ್ಟಿದ್ದಾರೆ. ಇಷ್ಟು ದಾರಿ ಇರುವಾಗ ಗೊಡ್ಡು ಅಂತ ಕರೆದು ಕೈಬಿಡುವುದು ಅನ್ಯಾಯ, ಅಲ್ವಾ?

ಇನ್ನೊಂದು ಸಂಗತಿ ನನ್ನನ್ನು ಜಾಸ್ತಿ ಕಾಡುತ್ತದೆ. 1977ರಲ್ಲಿ ಇಂಗ್ಲೆಂಡಿನ ನ್ಯೂಮಾರ್ಕೆಟ್‌ನಲ್ಲಿ ಕುದುರೆಗಳ ಒಂದು ಹೊಸ ಗರ್ಭಕೋಶದ ರೋಗ ಕಂಡುಬಂತು. ಅದರ ಬ್ಯಾಕ್ಟೀರಿಯಾದ ಹೆಸರು ಟೇಲೊರೆಲ್ಲಾ ಈಕ್ವಿಜೆನಿಟಾಲಿಸ್. ಗಂಡು ಕುದುರೆಯಲ್ಲಿ ಅದು ಇದ್ದರೂ ಯಾವ ಲಕ್ಷಣವೂ ಕಾಣುವುದಿಲ್ಲ. ಆ ಗಂಡು ಹಾರಿದ ಹೆಣ್ಣುಗಳಿಗೆ ರೋಗ ಅಂಟುತ್ತದೆ. ರೋಗ ತಂದದ್ದು ಗಂಡು, ಹೆಸರು ಕೆಡುವುದು ಹೆಣ್ಣಿನದು. ನಮ್ಮ ಮಾತಿನಲ್ಲಿ ಈ ಅನ್ಯಾಯ ಹೊಸದೇನಲ್ಲ.

ಹಾಗಂತ ಗೊಡ್ಡು ಪದವನ್ನೇ ಬಿಡಬೇಕು ಅನ್ನುತ್ತಿಲ್ಲ. ವಯಸ್ಸಾಗಿ ಗರ್ಭಕೋಶದ ಒಳಪದರ ಪೂರ್ತಿ ಗಾಯದ ಕಲೆಯಂತೆ ಗಟ್ಟಿಯಾದ ಕುದುರೆಗಳೂ ಇವೆ. ಅದು ಬಯಾಪ್ಸಿಯಲ್ಲಿ, ಅಂದರೆ ಒಳಪದರದ ಚೂರು ತೆಗೆದು ಪರೀಕ್ಷಿಸಿದರೆ, ತಿಳಿಯುತ್ತದೆ. ಗೊಡ್ಡು ಅವಕ್ಕಿರಲಿ. ಈ ಸಲ ಮಾತ್ರ ಗಬ್ಬ ನಿಲ್ಲದ ಕುದುರೆಗೆ ಬೇರೆ ಪದ ಬೇಕು. ‘ಖಾಲಿ ಕುದುರೆ’ ಅಂದರೆ ಸವಾರ ಇಲ್ಲದ್ದು ಅನ್ನಿಸುತ್ತದೆ. ‘ಬರಡು’ ಇನ್ನೂ ಕೆಟ್ಟದ್ದು.

ಎರಡನೆಯದು ‘ಸೋಂಕು’. ಗರ್ಭಕೋಶದ ಒಳಪದರ ಕೆರಳುವ ಎಂಡೊಮೆಟ್ರೈಟಿಸ್‌ಗೆ ಸುಮ್ನೆ ‘ಗರ್ಭಕೋಶದ ಸೋಂಕು’ ಅಂತ ಬರೆದುಬಿಡುತ್ತಾರೆ. ಆದರೆ ಗಂಡು ಹಾರಿದ ಮೇಲೆ ಎಲ್ಲ ಕುದುರೆಯ ಗರ್ಭಕೋಶವೂ ಸ್ವಲ್ಪ ಕೆರಳುತ್ತದೆ. ವೀರ್ಯಕ್ಕೇ ಹಾಗಾಗುತ್ತದೆ. ಆರೋಗ್ಯವಾಗಿದ್ದರೆ ಒಂದೆರಡು ದಿನದಲ್ಲಿ ತಾನಾಗಿಯೇ ಶುಚಿಯಾಗುತ್ತದೆ. ಕೆಲವಕ್ಕೆ ಹಾಗೆ ಆಗದೆ ದ್ರವ ಒಳಗೇ ನಿಲ್ಲುತ್ತದೆ. ತೊಂದರೆ ಶುರುವಾಗುವುದು ಆಗ. ಎಲ್ಲಕ್ಕೂ ಸೋಂಕು ಅಂದರೆ ಸಾಕುವವರು ಬೇಕಿಲ್ಲದ ಕಡೆಯೂ ಆಂಟಿಬಯೋಟಿಕ್ ಕೇಳುತ್ತಾರೆ. ‘ಉರಿಯೂತ’ ಸರಿಯಾದ ಪದ, ಆದರೆ ಪುಸ್ತಕದ್ದು. ‘ಕೆಚ್ಚಲು ಬಾವು’ ಎಲ್ಲರಿಗೂ ಗೊತ್ತು. ಹಾಗೇ ‘ಗರ್ಭಕೋಶದ ಬಾವು’ ಅಂದರೆ ಹೇಗೆ? ಬ್ಯಾಕ್ಟೀರಿಯಾ ಖಚಿತವಾದ ಮೇಲಷ್ಟೇ ಸೋಂಕು ಅನ್ನಬಹುದು. ನನಗೆ ಇದು ಹಿಡಿಸಿದೆ.

ಕಡೂರು, ತರೀಕೆರೆ ಕಡೆಯವರು, ಕುಣಿಗಲ್ ಕುದುರೆ ಫಾರಂ ಸುತ್ತ ಬೆಳೆದವರು ಇಲ್ಲಿದ್ದರೆ ದಯವಿಟ್ಟು ಹೇಳಿ: ಒಂದು ಸಲ ಗಬ್ಬ ನಿಲ್ಲದ ಪ್ರಾಣಿಗೆ ನಿಮ್ಮಲ್ಲಿ ಏನನ್ನುತ್ತಾರೆ? ಪದದ ಜೊತೆ ಅದನ್ನು ಬಳಸುವ ಒಂದು ವಾಕ್ಯವನ್ನೂ ಬರೆಯಿರಿ.